ಕ್ಯಾಲೆಂಡರಿನ ಕೆಂಪು ದಿನ ಮತ್ತು ನಮ್ಮ ಸಂಘದ ಸಿಬ್ಬಂದಿಯ ರಜೆ



ಈ ಪುಟದಲ್ಲಿ ನೀವು ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುಹುಳು, ಹಸಿರು ಮೇವು, ಬೆದೆಯ ಲಕ್ಷಣ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲ ವಿಷಯ ಸ್ವಲ್ಪ ಬೇರೆ. ನಿಮ್ಮ ಹಸುವಿನ ಹಾಲನ್ನು ಬೆಳಿಗ್ಗೆ ಸಂಜೆ ಅಳೆದು, ಪರೀಕ್ಷಿಸಿ, ಲೆಕ್ಕ ಬರೆಯುವ ಸಂಘದ ಸಿಬ್ಬಂದಿಯ ರಜೆಯ ಬಗ್ಗೆ ಇಂದು ತಿಳಿಯೋಣ.

ಹಳ್ಳಿಯ ಸಂಘಗಳಿಗೆ ಭೇಟಿ ಕೊಟ್ಟಾಗ ಹಾಜರಿ ಪುಸ್ತಕ ತೆರೆದು ನೋಡಿದರೆ ಅನೇಕ ಕಡೆ ಒಂದೇ ರೀತಿ ಕಾಣುತ್ತದೆ. ಒಂದನೇ ತಾರೀಖಿನಿಂದ ಮೂವತ್ತೊಂದರವರೆಗೆ ಸಾಲಾಗಿ ಹಾಜರಿ. ಜನವರಿ 26, ಯುಗಾದಿ, ಆಗಸ್ಟ್ 15, ಗೌರಿ ಗಣೇಶ, ದೀಪಾವಳಿ, ಎಲ್ಲ ದಿನವೂ ಹಾಜರಿ. ರಜೆಯ ಕಲಂ ಖಾಲಿ. ಕೇಳಿದರೆ, "ಹಸುವಿಗೆ ರಜೆ ಇಲ್ಲವಲ್ಲ ಡಾಕ್ಟ್ರೇ, ನಮಗೆಲ್ಲಿಂದ ಬರಬೇಕು?" ಎನ್ನುತ್ತಾರೆ.

ಹಸುವಿಗೆ ರಜೆ ಇಲ್ಲವೆಂಬುದು ನಿಜ. ಆದರೆ ಹಸುವಿಗೆ ರಜೆ ಇಲ್ಲದ ಕಾರಣ ಮನುಷ್ಯನಿಗೂ ರಜೆ ಇಲ್ಲ ಎಂಬ ತೀರ್ಮಾನ ಸರಿಯಲ್ಲ. ರಜೆಯ ದಿನ ಕೆಲಸ ನಡೆಯಲೇಬೇಕಾದ ಜಾಗದಲ್ಲಿ, ಅಂದು ಕೆಲಸ ಮಾಡಿದವರಿಗೆ ಆ ರಜೆಯನ್ನು ಬೇರೆ ದಿನವೋ ಹಣದಲ್ಲೋ ಹಿಂದಿರುಗಿಸಬೇಕು. ಈ ಪಾಠದ ಸಾರ ಇಷ್ಟೇ. ಉಳಿದದ್ದು ಅದನ್ನು ಹೇಗೆ ಮಾಡಬೇಕು, ಅದಕ್ಕೆ ಎಷ್ಟು ಖರ್ಚು ಎಂಬ ವಿವರಣೆ.

1. ಉದ್ಯೋಗದಾತರು ಯಾರು?

ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕ, ಸಹಾಯಕ, ಕೃತಕ ಗರ್ಭಧಾರಣೆ ಕಾರ್ಯಕರ್ತ ಇವರೆಲ್ಲ ಒಕ್ಕೂಟದ ನೌಕರರೆಂದು ಅನೇಕ ಸದಸ್ಯರು ತಿಳಿದಿದ್ದಾರೆ. ಇದು ತಪ್ಪು ತಿಳಿವಳಿಕೆ. ಒಕ್ಕೂಟದ ಡೇರಿಯಲ್ಲಿ ದುಡಿಯುವವರು ಒಕ್ಕೂಟದ ನೌಕರರು. ನಿಮ್ಮ ಹಳ್ಳಿಯ ಸಂಘ ತಾನೇ ನೋಂದಣಿಯಾದ ಪ್ರತ್ಯೇಕ ಸಹಕಾರ ಸಂಘ. ಅದರ ಸಿಬ್ಬಂದಿಯನ್ನು ನೇಮಿಸುವುದು, ಸಂಬಳ ಗೊತ್ತುಮಾಡುವುದು, ರಜೆ ಮಂಜೂರು ಮಾಡುವುದು ಸಂಘದ ಆಡಳಿತ ಮಂಡಳಿ. ಆ ಮಂಡಳಿಯನ್ನು ಆರಿಸುವವರು ನೀವು. ಆದ್ದರಿಂದ ಸಂಘದ ಪರೀಕ್ಷಕನಿಗೆ ರಜೆ ಸಿಕ್ಕಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರಲ್ಲಿ ನೀವೂ ಒಬ್ಬರು.

2. ರಜೆಗಳಲ್ಲಿ ಮೂರು ಬಗೆ

ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿ ಮುದ್ರಿಸಿದ ದಿನವೆಲ್ಲ ಎಲ್ಲರಿಗೂ ರಜೆ ಎಂಬ ಭಾವನೆ ಇದೆ. ಆ ಕೆಂಪು ದಿನಗಳ ಹಿಂದೆ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ.

(ಅ) ಸರ್ಕಾರಿ ಸಾರ್ವತ್ರಿಕ ರಜೆ: ಇದನ್ನು ರಾಜ್ಯ ಸರ್ಕಾರ ಪ್ರತಿ ವರ್ಷ ಅಧಿಸೂಚನೆ ಹೊರಡಿಸಿ ತನ್ನ ಕಚೇರಿಗಳಿಗೆ ಕೊಡುತ್ತದೆ. ತಾಲ್ಲೂಕು ಕಚೇರಿ ಮುಚ್ಚಿತೆಂದ ಮಾತ್ರಕ್ಕೆ ಸಂಘದ ಸಿಬ್ಬಂದಿಗೆ ಆ ರಜೆ ತಾನಾಗಿ ಬರುವುದಿಲ್ಲ.

(ಆ) ಬ್ಯಾಂಕ್ ರಜೆ: ಇದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಪ್ರಕಾರ ಘೋಷಿಸುವ ರಜೆ. ಚೆಕ್ಕು, ಹುಂಡಿ ಮುಂತಾದ ಹಣಕಾಸಿನ ವ್ಯವಹಾರಕ್ಕೆ ಸಂಬಂಧಿಸಿದ್ದು. 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರವೂ ಬ್ಯಾಂಕುಗಳಿಗೆ ರಜೆ. ಇದು ನಿಮ್ಮ ಹಾಲಿನ ಬಟವಾಡೆಗೆ ನೇರವಾಗಿ ತಟ್ಟುತ್ತದೆ. 2019ರ ಡಿಸೆಂಬರಿನಿಂದ ನೆಫ್ಟ್ ಮೂಲಕ ಖಾತೆಯಿಂದ ಖಾತೆಗೆ ಹಣ ರಜೆಯ ದಿನವೂ ಹೋಗುತ್ತದೆ. ಆದರೆ ಚೆಕ್ಕು ಮತ್ತು ಶಾಖೆಯ ನಗದು ವ್ಯವಹಾರ ಬ್ಯಾಂಕು ತೆರೆದ ದಿನವೇ ಆಗಬೇಕು.

(ಇ) ದುಡಿಯುವವರ ರಾಷ್ಟ್ರೀಯ ಮತ್ತು ಹಬ್ಬದ ರಜೆ: ಇದು ಉದ್ಯೋಗದಾತರು ಸಂಬಳ ಸಹಿತ ಕೊಡಬೇಕಾದ ರಜೆ. ನಮ್ಮ ಪಾಠಕ್ಕೆ ಮುಖ್ಯವಾದದ್ದು ಇದೇ.

3. 1963ರ ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕದಲ್ಲಿ ಇದಕ್ಕೆಂದೇ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆ, 1963 ಎಂಬ ಕಾನೂನಿದೆ. ಇದರ ಪ್ರಕಾರ ವರ್ಷದಲ್ಲಿ ಐದು ದಿನ ಕಡ್ಡಾಯ ರಜೆ:

ಜನವರಿ 26 – ಗಣರಾಜ್ಯ ದಿನ
ಮೇ 1 – ಕಾರ್ಮಿಕರ ದಿನ
ಆಗಸ್ಟ್ 15 – ಸ್ವಾತಂತ್ರ್ಯ ದಿನ
ಅಕ್ಟೋಬರ್ 2 – ಗಾಂಧಿ ಜಯಂತಿ
ನವೆಂಬರ್ 1 – ಕನ್ನಡ ರಾಜ್ಯೋತ್ಸವ

ಇದಲ್ಲದೆ ಇನ್ನೂ ಐದು ಹಬ್ಬದ ರಜೆ. ಒಟ್ಟು ಹತ್ತು ದಿನ. ಹತ್ತೂ ದಿನಕ್ಕೆ ಸಂಬಳ ಕೊಡತಕ್ಕದ್ದು.

ಕಾರ್ಖಾನೆ, ತೋಟ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಕಾನೂನು ಇದು. ಹಾಲು ಸಂಸ್ಕರಿಸುವ ಡೇರಿ ಒಂದು ಕಾರ್ಖಾನೆ. ಅದಕ್ಕೆ ಇದು ಅನ್ವಯಿಸುತ್ತದೆ. ಹಳ್ಳಿಯ ಸಂಘದ ವಿಷಯದಲ್ಲಿ ಅದು ಯಾವ ಪ್ರದೇಶದಲ್ಲಿದೆ, ಯಾವ ಅಧಿಸೂಚನೆಗೆ ಒಳಪಟ್ಟಿದೆ ಎಂಬುದರ ಮೇಲೆ ಅನ್ವಯ ನಿಂತಿದೆ. ನಿಮ್ಮ ಸಂಘದ ಬಗ್ಗೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಅನ್ವಯಿಸಿದರೆ ಪಾಲಿಸಲೇಬೇಕು. ಅನ್ವಯಿಸದಿದ್ದರೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಆಡಳಿತ ಮಂಡಳಿ ತನ್ನ ಸೇವಾ ನಿಯಮದಲ್ಲಿ ಹತ್ತು ದಿನದ ರಜೆ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಐದು ಹಬ್ಬಗಳು ಯಾವುವು ಎಂಬುದನ್ನು ಸಿಬ್ಬಂದಿಯೊಡನೆ ಕೂತು ವರ್ಷ ಆರಂಭವಾಗುವ ಮೊದಲೇ ಗೊತ್ತುಮಾಡಿಕೊಳ್ಳಿ. ಒಬ್ಬರಿಗೆ ಯುಗಾದಿ ದೊಡ್ಡದು, ಇನ್ನೊಬ್ಬರಿಗೆ ರಂಜಾನ್, ಮತ್ತೊಬ್ಬರಿಗೆ ಕ್ರಿಸ್ಮಸ್. ಬೇರೆ ಬೇರೆ ಹಬ್ಬ ಆಚರಿಸುವವರು ಒಂದೇ ಸಂಘದಲ್ಲಿದ್ದರೆ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ನಿಲ್ಲುವ ಏರ್ಪಾಟು ಸುಲಭವಾಗಿ ಆಗುತ್ತದೆ.

4. ರಜೆಯ ದಿನ ಕೆಲಸ ಮಾಡಿಸಿದರೆ?

ಕಾಯ್ದೆ ಎರಡು ದಾರಿ ತೋರಿಸಿದೆ. ಮೊದಲನೆಯದು, ಆ ದಿನಕ್ಕೆ ಎರಡು ಪಟ್ಟು ಸಂಬಳ. ಎರಡನೆಯದು, ಆ ದಿನದ ಸಂಬಳದ ಜೊತೆಗೆ ಬೇರೊಂದು ದಿನ ಸಂಬಳ ಸಹಿತ ಬದಲಿ ರಜೆ. ಎರಡರಲ್ಲಿ ಒಂದನ್ನು ಕೊಡಲೇಬೇಕು.

ಲೆಕ್ಕ ಸುಲಭವಾಗಲೆಂದು ಒಬ್ಬ ಪರೀಕ್ಷಕನ ದಿನದ ಸಂಬಳ 600 ರೂಪಾಯಿ ಎಂದು ಹಿಡಿಯೋಣ. ಆತ ಆಗಸ್ಟ್ 15ರಂದು ಎರಡೂ ಹೊತ್ತು ಹಾಲು ಶೇಖರಣೆಗೆ ನಿಂತರೆ, ಒಂದೋ ಆ ದಿನಕ್ಕೆ 1,200 ರೂಪಾಯಿ ಸಲ್ಲಬೇಕು. ಇಲ್ಲವೇ 600 ರೂಪಾಯಿಯ ಜೊತೆಗೆ, ಮಾತಿಗೆ ಆಗಸ್ಟ್ 21ರಂದು ಸಂಬಳ ಸಹಿತ ಬಿಡುವು ಸಿಗಬೇಕು. ತಿಂಗಳ ಸಂಬಳದವನಾದರೆ ಆ ದಿನದ 600 ರೂಪಾಯಿ ತಿಂಗಳ ಸಂಬಳದಲ್ಲೇ ಸೇರಿರುತ್ತದೆ. ಹಣದ ದಾರಿ ಹಿಡಿದರೆ ಮೇಲಿನ 600 ರೂಪಾಯಿ ಮಾತ್ರ ಬೇರೆ ಕೊಡಬೇಕು.

ನಮ್ಮ ಸಂಘಗಳಲ್ಲಿ ದಿನವೆಂದರೆ ಎರಡು ಹೊತ್ತು. ಯಾರಾದರೂ ಹಬ್ಬದ ಬೆಳಿಗ್ಗೆ ಮಾತ್ರ ನಿಂತು ಸಂಜೆ ಮನೆಗೆ ಹೋದರೆ ಅದನ್ನು ಅರ್ಧ ದಿನವೆಂದು ಬರೆದುಕೊಳ್ಳಿ. ಅಂಥ ಎರಡು ಅರ್ಧ ದಿನ ಸೇರಿದರೆ ಒಂದು ಬದಲಿ ರಜೆ. ಲೆಕ್ಕ ಇಟ್ಟರೆ ಜಗಳವಿಲ್ಲ.

ಬದಲಿ ರಜೆ ಬಾಯಿಮಾತಿನಲ್ಲಿ ಉಳಿಯಬಾರದು. "ಆಮೇಲೆ ತಗೊಳ್ಳಪ್ಪ" ಎಂದು ಅಧ್ಯಕ್ಷರು ಹೇಳಿರುತ್ತಾರೆ. ಆ ಆಮೇಲೆ ಬರುವಷ್ಟರಲ್ಲಿ ಮುಂದಿನ ಹಬ್ಬ ಬಂದಿರುತ್ತದೆ. ಮಂಡಳಿ ಬದಲಾದರೆ ಹೊಸಬರಿಗೆ ಹಳೆಯ ಮಾತು ಗೊತ್ತಿರುವುದಿಲ್ಲ. ಆದ್ದರಿಂದ ರಜೆಯ ದಿನ ಕೆಲಸಕ್ಕೆ ಬರಬೇಕೆಂಬುದನ್ನು ಮುಂಚಿತವಾಗಿ ಬರೆದು ತಿಳಿಸಿ. ಬದಲಿ ರಜೆಯನ್ನು ಮೂವತ್ತು ದಿನದೊಳಗೆ ಕೊಡುವುದೆಂದು ನಿಯಮ ಮಾಡಿಕೊಳ್ಳಿ.

5. ಹಬ್ಬದ ರಜೆ ಬೇರೆ, ಗಳಿಸಿದ ರಜೆ ಬೇರೆ

ಬಹಳ ಗೊಂದಲವಿರುವುದು ಇಲ್ಲಿ. ಹಬ್ಬದ ದಿನ ಮನೆಯಲ್ಲಿದ್ದ ಪರೀಕ್ಷಕನ ಹೆಸರಿನ ಮುಂದೆ ಕೆಲವು ಸಂಘಗಳಲ್ಲಿ ಸಾಂದರ್ಭಿಕ ರಜೆಯೆಂದು ಬರೆದು ಒಂದು ದಿನ ಕಳೆಯುತ್ತಾರೆ. ಹೀಗೆ ಮಾಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ರಾಷ್ಟ್ರೀಯ ಹಾಗೂ ಹಬ್ಬದ ರಜೆ ಒಂದು ಖಾತೆ, ವಾರದ ಬಿಡುವು ಇನ್ನೊಂದು ಖಾತೆ, ದುಡಿದು ಗಳಿಸಿದ ರಜೆ ಮೂರನೇ ಖಾತೆ. ಒಂದನ್ನು ಇನ್ನೊಂದರಿಂದ ಕಳೆಯಬಾರದು.

ಕಾರ್ಖಾನೆಗಳ ವಿಷಯದಲ್ಲಿ 1948ರ ಕಾರ್ಖಾನೆಗಳ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಗಳಿಕೆ ರಜೆಯ ನಡುವೆಯಾಗಲಿ, ಅದರ ಹಿಂದೆ ಮುಂದೆಯಾಗಲಿ ಬರುವ ರಜಾದಿನಗಳನ್ನು ಗಳಿಕೆ ರಜೆಯ ಲೆಕ್ಕಕ್ಕೆ ಹಿಡಿಯಕೂಡದು ಎಂಬುದು ಅದರ ನಿಯಮ. ಆ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ, ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಸಿಗುತ್ತಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, 240 ದಿನದ ಷರತ್ತನ್ನು 180 ದಿನಕ್ಕೆ ಇಳಿಸಿದೆ. 20 ದಿನಕ್ಕೆ ಒಂದು ಎಂಬ ಪ್ರಮಾಣ ಹಾಗೆಯೇ ಉಳಿದಿದೆ. ಈ ಸಂಹಿತೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ಮೂರು ನಾಲ್ಕು ಮಂದಿಯ ಹಳ್ಳಿ ಸಂಘ ಅದರ ಲೆಕ್ಕಾಚಾರವನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು.

ಉದಾಹರಣೆ ನೋಡಿ. ಪರೀಕ್ಷಕ ಮಗಳ ಮದುವೆಗೆಂದು ಆಗಸ್ಟ್ 13ರಿಂದ 16ರವರೆಗೆ ರಜೆ ಕೇಳುತ್ತಾನೆ. ನಾಲ್ಕು ದಿನ ಗೈರುಹಾಜರಿ. ನಡುವೆ ಬರುವ 15 ರಾಷ್ಟ್ರೀಯ ರಜೆ. ಮೇಲೆ ಹೇಳಿದ ನಿಯಮದಂತೆ ಅವನ ಖಾತೆಯಿಂದ ಮೂರು ದಿನ ಮಾತ್ರ ಕಳೆಯಬೇಕು.

ಸರ್ಕಾರಿ ನೌಕರರ ನಿಯಮ ಇದಕ್ಕಿಂತ ಬೇರೆ. ಅಲ್ಲಿ ಸಾಂದರ್ಭಿಕ ರಜೆಯ ನಡುವೆ ಬರುವ ಸಾರ್ವತ್ರಿಕ ರಜೆ ಲೆಕ್ಕಕ್ಕೆ ಬರುವುದಿಲ್ಲ. ಗಳಿಕೆ ರಜೆಯ ಹಿಂದೆ ಮುಂದೆ ರಜಾದಿನ ಸೇರಿಸಿಕೊಳ್ಳಬಹುದು. ಆದರೆ ನಟ್ಟನಡುವೆ ಬಂದದ್ದು ಗಳಿಕೆ ರಜೆಯಲ್ಲೇ ಸೇರಿಹೋಗುತ್ತದೆ. "ನಮ್ಮ ಅಣ್ಣ ಸರ್ಕಾರಿ ಕೆಲಸದಲ್ಲಿದ್ದಾನೆ, ಅಲ್ಲಿ ಹೀಗಲ್ಲ" ಎಂಬ ವಾದ ಸಂಘದಲ್ಲಿ ಬರುವುದು ಇದರಿಂದಲೇ. ಎರಡೂ ಕಡೆಯವರು ಹೇಳುವುದು ನಿಜ, ನಿಯಮಗಳು ಬೇರೆ. ನಿಮ್ಮ ಸಂಘಕ್ಕೆ ಯಾವುದು ಎಂಬುದನ್ನು ಬರೆದಿಡಿ.

ರಜಾದಿನ ಹೆಚ್ಚಾದರೆ ಬೇರೆ ರಜೆಯ ಮೇಲೆ ಏನಾಗುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2019ರಲ್ಲಿ ರಾಜ್ಯ ಸರ್ಕಾರ ತನ್ನ ಕಚೇರಿಗಳಿಗೆ ನಾಲ್ಕನೇ ಶನಿವಾರವೂ ರಜೆ ಕೊಟ್ಟಾಗ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಹೀಗೆ ಬದಲಾಯಿಸುವುದಾದರೆ ಆದೇಶ ಹೊರಡಿಸಿ, ಎಲ್ಲರಿಗೂ ತಿಳಿಯುವಂತೆ, ಮುಂದಿನ ದಿನಗಳಿಗೆ ಅನ್ವಯವಾಗುವಂತೆ ಬದಲಾಯಿಸಬೇಕು. ತಿಂಗಳ ಕೊನೆಗೆ ಹಾಜರಿ ಪುಸ್ತಕದಲ್ಲಿ ತಿದ್ದುವುದು ನಿಯಮವಲ್ಲ.

6. ರಜೆ ಕೊಡದಿದ್ದರೆ ಸದಸ್ಯರಿಗೇನು ನಷ್ಟ?

ಪಶುವೈದ್ಯನಾಗಿ ನಾನು ಈ ವಿಷಯ ಎತ್ತಿಕೊಳ್ಳಲು ಕಾರಣ ಇಲ್ಲಿದೆ. ಯೋಜನೆಯಿಲ್ಲದ ರಜೆಯ ನಷ್ಟ ಕೊನೆಗೆ ಬಂದು ಬೀಳುವುದು ನಿಮ್ಮ ಕೊಟ್ಟಿಗೆಯ ಮೇಲೆ.

ಮೊದಲನೆಯದಾಗಿ, ಪರೀಕ್ಷೆ. ವರ್ಷವಿಡೀ ಬಿಡುವಿಲ್ಲದ ಪರೀಕ್ಷಕ ಹಬ್ಬದ ದಿನ ಹೇಗೋ ತಪ್ಪಿಸಿಕೊಂಡು ಹೋಗುತ್ತಾನೆ. ಅವನ ಜಾಗದಲ್ಲಿ ಪಕ್ಕದ ಮನೆಯ ಹುಡುಗ ನಿಲ್ಲುತ್ತಾನೆ. ಹಾಲನ್ನು ಸರಿಯಾಗಿ ಕಲಕದೆ ಮಾದರಿ ತೆಗೆದರೆ, ಮೇಲಿನ ಕೆನೆ ಬಂದವರಿಗೆ ಜಿಡ್ಡು ಹೆಚ್ಚು, ತಳದ ಹಾಲು ಬಂದವರಿಗೆ ಕಡಿಮೆ. ಯಂತ್ರವನ್ನು ತೊಳೆಯದೆ ಬಿಟ್ಟರೆ ಮರುದಿನದ ಎಣಿಕೆಯೂ ಕೆಡುತ್ತದೆ. ಹಾಲಿನ ದರ ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ ನಿಂತಿರುವುದರಿಂದ ಆ ದಿನದ ತಪ್ಪು ನಿಮ್ಮ ಬಟವಾಡೆಯಲ್ಲಿ ಕಾಣುತ್ತದೆ.

ಎರಡನೆಯದಾಗಿ, ಬೆದೆ. ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕೆಂದು ನಿಮಗೆಲ್ಲ ಗೊತ್ತು. ಕಾರ್ಯಕರ್ತ ಹಬ್ಬಕ್ಕೆ ಊರಿಗೆ ಹೋಗಿ, ಬದಲಿ ಯಾರೆಂದು ತಿಳಿಯದೆ ಆ ಹೊತ್ತು ತಪ್ಪಿದರೆ, ಮತ್ತೆ ಸುಮಾರು 21 ದಿನ ಕಾಯಬೇಕು. ಇಪ್ಪತ್ತೊಂದು ದಿನದ ಮೇವು, ಹಿಂಡಿ ದಂಡ. ಕರು ಅಷ್ಟು ತಡ.

ಮೂರನೆಯದಾಗಿ, ಹಬ್ಬದ ಕಾಯಿಲೆ. ಮಿಕ್ಕ ಅನ್ನ, ಪಾಯಸ, ಹೋಳಿಗೆ ಎಲ್ಲವನ್ನೂ ಪ್ರೀತಿಯಿಂದ ಗೋದಲೆಗೆ ಸುರಿದಾಗ ಹಸುವಿನ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಮೇವು ಬಿಟ್ಟು, ಮೆಲುಕು ನಿಲ್ಲಿಸಿ ಮಲಗುತ್ತದೆ. ತಡವಾದರೆ ಜೀವ ಹೋಗುತ್ತದೆ. ಆದ್ದರಿಂದ ಹಬ್ಬದ ದಿನವೂ ಸಂಘದಲ್ಲಿ ಜವಾಬ್ದಾರಿಯ ಒಬ್ಬರು ಇರಬೇಕು. ಅವರು ಯಾರೆಂದು ಫಲಕದಲ್ಲಿ ಬರೆದಿರಬೇಕು. ಹಾಗೆ ನಿಲ್ಲುವವರಿಗೆ ತಮ್ಮ ರಜೆ ಮರಳಿ ಸಿಗುತ್ತದೆಂಬ ಭರವಸೆ ಇದ್ದರೆ ತಾನೇ ಮನಸ್ಸಿಟ್ಟು ನಿಲ್ಲುವುದು?

7. ಖರ್ಚು ಎಷ್ಟು?

"ರಜೆ ಕೊಡುವಷ್ಟು ಸಂಘಕ್ಕೆ ಶಕ್ತಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿಯೇ ನೋಡೋಣ. ದಿನಕ್ಕೆ 1,000 ಲೀಟರ್ ಹಾಲು ಬರುವ, ಮೂವರು ಸಿಬ್ಬಂದಿಯ ಸಂಘವೆಂದು ಹಿಡಿಯಿರಿ. ವರ್ಷದ ಶೇಖರಣೆ 3,65,000 ಲೀಟರ್. ಎಲ್ಲರ ದಿನದ ಸಂಬಳ 600 ರೂಪಾಯಿ.

ಹತ್ತೂ ರಜಾದಿನ ಮೂವರೂ ಕೆಲಸ ಮಾಡಿದರು, ಬದಲಿ ರಜೆ ಕೊಡಲಾಗಲಿಲ್ಲ, ಹೆಚ್ಚುವರಿ ಸಂಬಳ ಕೊಟ್ಟಿರಿ ಎನ್ನೋಣ. 10 ದಿನ × 600 ರೂ. × 3 ಮಂದಿ = 18,000 ರೂಪಾಯಿ. ಒಂದು ಲೀಟರಿಗೆ 5 ಪೈಸೆಗಿಂತ ಕಡಿಮೆ.

ಇದು ಹಬ್ಬದ ರಜೆಯ ಲೆಕ್ಕ. ವಾರದ ಬಿಡುವನ್ನೂ ಗಳಿಕೆ ರಜೆಯನ್ನೂ ಸೇರಿಸಿ ಪೂರ್ತಿ ವ್ಯವಸ್ಥೆ ಮಾಡಬೇಕಾದರೆ ಒಬ್ಬ ತರಬೇತಿ ಪಡೆದ ಬದಲಿ ಕೆಲಸಗಾರ ಬೇಕು. ಒಬ್ಬ ಸಿಬ್ಬಂದಿಗೆ ವರ್ಷದಲ್ಲಿ:

ವಾರದ ಬಿಡುವು – 52 ದಿನ
ರಾಷ್ಟ್ರೀಯ ಮತ್ತು ಹಬ್ಬದ ರಜೆ – 10 ದಿನ
ಗಳಿಕೆ ರಜೆ – ಸುಮಾರು 14 ದಿನ
ಒಟ್ಟು – 76 ದಿನ

ಮೂವರಿಗೆ 228 ದಿನ. ಬದಲಿಯವನಿಗೂ ಅಷ್ಟೇ ರಜೆ ಕೊಟ್ಟರೂ ಆತ 289 ದಿನ ಕೆಲಸಕ್ಕೆ ಸಿಗುತ್ತಾನೆ. ಅಂದರೆ ಮೂವರು ಸಿಬ್ಬಂದಿಗೆ ಒಬ್ಬ ಬದಲಿ ಸಾಕು, ಮೇಲೆ ಕಾಯಿಲೆ ಕಸಾಲೆಗೆ 61 ದಿನ ಉಳಿಯುತ್ತದೆ. ಬದಲಿಯವನಿಗೆ ಬಂದ ದಿನಕ್ಕೆ ಮಾತ್ರ ಕೊಡುವುದಾದರೆ 228 × 600 = 1,36,800 ರೂಪಾಯಿ. ಲೀಟರಿಗೆ ಸುಮಾರು 37 ಪೈಸೆ. ಇದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. 300 ಲೀಟರಿನ ಸಂಘಕ್ಕೆ ಇದು ಭಾರವೇ ಆದೀತು.

ಅಂಥ ಸಣ್ಣ ಸಂಘಗಳು ಅಕ್ಕಪಕ್ಕದ ಎರಡು ಹಳ್ಳಿ ಸೇರಿ ಒಬ್ಬ ಬದಲಿಯನ್ನು ಇಟ್ಟುಕೊಳ್ಳಬಹುದು. ತಲಾ ಇಬ್ಬರು ಸಿಬ್ಬಂದಿ ಇರುವ ಎರಡು ಸಂಘಕ್ಕೆ ಬೇಕಾಗುವುದು 304 ದಿನ. ಒಬ್ಬ ಬದಲಿಯಿಂದ ಸಿಗುವುದು 289 ದಿನ. ಉಳಿದ 15 ದಿನವನ್ನು ಮೇಲಿನ ಹೆಚ್ಚುವರಿ ಸಂಬಳದ ದಾರಿಯಲ್ಲಿ ಸರಿದೂಗಿಸಬಹುದು. ಹಳ್ಳಿಯಲ್ಲೇ ಓದು ಮುಗಿಸಿ ಕೂತ ಯುವಕ ಯುವತಿಯರಿಗೆ ಪರೀಕ್ಷೆಯ ತರಬೇತಿ ಕೊಡಿಸಿದರೆ ಅವರಿಗೂ ಒಂದು ದುಡಿಮೆ ಆಗುತ್ತದೆ.

8. ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಗಣ್ಯರೊಬ್ಬರು ತೀರಿಕೊಂಡು ಸರ್ಕಾರ ದಿಢೀರ್ ರಜೆ ಘೋಷಿಸಿದರೆ ಸಂಘದ ಸಿಬ್ಬಂದಿಗೂ ರಜೆಯೇ?
ಉತ್ತರ: ಆದೇಶದ ಪಠ್ಯ ನೋಡಬೇಕು. ಸರ್ಕಾರಿ ಕಚೇರಿ ಮತ್ತು ಶಾಲೆಗಳಿಗೆ ಎಂದಿದ್ದರೆ ಅಷ್ಟಕ್ಕೇ ಅನ್ವಯ. ಅದು ತಾನಾಗಿ ನಿಮ್ಮ ಹತ್ತು ರಜೆಗಳ ಪಟ್ಟಿಗೆ ಸೇರುವುದಿಲ್ಲ. ಮಂಡಳಿ ಬೇಕೆಂದರೆ ಕೊಡಬಹುದು.

ಪ್ರಶ್ನೆ: ಚುನಾವಣೆಯ ದಿನ?
ಉತ್ತರ: ಇದು ಬೇರೆ ಕಾನೂನು. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿಸಿದ 135-ಬಿ ಕಲಮಿನಂತೆ, ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಯ ಮತದಾನದ ದಿನ ಯಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಇದು ಸಲ್ಲುತ್ತದೆ. ಕೊಡದ ಉದ್ಯೋಗದಾತರಿಗೆ 500 ರೂಪಾಯಿವರೆಗೆ ದಂಡವಿದೆ. ನೌಕರ ಇಲ್ಲದಿದ್ದರೆ ಅಪಾಯ ಅಥವಾ ಭಾರೀ ನಷ್ಟವಾಗುವ ಕೆಲಸಗಳಿಗೆ ಮಾತ್ರ ವಿನಾಯಿತಿ. ಹಾಲು ಕೆಡುವ ವಸ್ತುವೆಂದು ಯಾರನ್ನಾದರೂ ಕರೆಸಿಕೊಂಡರೆ, ಬೆಳಗಿನ ಮತ್ತು ಸಂಜೆಯ ಶೇಖರಣೆಯ ನಡುವೆ ಮತಗಟ್ಟೆಗೆ ಹೋಗಿಬರಲು ಅನುವು ಮಾಡಿಕೊಡಿ. ಬದಲಿ ರಜೆಯನ್ನೂ ಕೊಡಿ.

ಪ್ರಶ್ನೆ: ಹೇಳದೆ ಕೇಳದೆ ಒಂದು ದಿನ ತಪ್ಪಿಸಿಕೊಂಡರೆ ಶಿಕ್ಷೆಯಾಗಿ ಮೂರು ದಿನದ ಸಂಬಳ ಹಿಡಿಯಬಹುದೇ?
ಉತ್ತರ: ಹಾಗೆ ಹಿಡಿಯಬಾರದು. ಗೈರುಹಾಜರಿಗೆ ಮಾಡುವ ಕಡಿತ ಗೈರಾದ ಅವಧಿಯ ಪ್ರಮಾಣವನ್ನು ಮೀರಕೂಡದು ಎಂಬುದು ವೇತನ ಸಂಹಿತೆಯ ನಿಯಮ. ಒಂದು ದಿನಕ್ಕೆ ಒಂದು ದಿನ. ಅಶಿಸ್ತಿಗೆ ನೋಟೀಸು ಕೊಟ್ಟು ವಿವರಣೆ ಕೇಳುವ ಕ್ರಮ ಬೇರೆ ಇದೆ.

ಪ್ರಶ್ನೆ: ಸಂಬಳದ ದಿನ ಬ್ಯಾಂಕ್ ರಜೆ ಬಂದರೆ ತಡ ಮಾಡಬಹುದೇ?
ಉತ್ತರ: ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕೆಂದು ವೇತನ ಸಂಹಿತೆ, 2019 ಹೇಳುತ್ತದೆ. ಇದೂ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 7ನೇ ತಾರೀಖು ರಜೆಯೆಂದು ಕಂಡರೆ ಮೊದಲೇ ಚೆಕ್ಕು ಬರೆಯಿರಿ. ಸದಸ್ಯರ ಬಟವಾಡೆಗೂ ಇದೇ ಎಚ್ಚರ ಇರಲಿ. ಹಬ್ಬದ ಖರ್ಚಿಗೆ ಹಾಲಿನ ದುಡ್ಡನ್ನೇ ನಂಬಿದ ಮನೆಗಳು ಎಷ್ಟೋ ಇವೆ.

ಪ್ರಶ್ನೆ: ವಾರದ ಬಿಡುವಿನ ದಿನವೇ ಅಕ್ಟೋಬರ್ 2 ಬಂದರೆ?
ಉತ್ತರ: ನಮ್ಮಲ್ಲಿ ಬಿಡುವು ಸರದಿಯ ಮೇಲೆ ಇರುವುದರಿಂದ ಆ ವಾರದ ಬಿಡುವನ್ನು ಇನ್ನೊಂದು ದಿನಕ್ಕೆ ಹಾಕಿ. ತಿಂಗಳ ಪಟ್ಟಿಯನ್ನು ಮೊದಲೇ ಬರೆದರೆ ಈ ಪ್ರಶ್ನೆ ಏಳುವುದೇ ಇಲ್ಲ.

9. ಸಂಘದಲ್ಲಿ ಈಗ ಮಾಡಬೇಕಾದದ್ದು

(1) ಹಾಜರಿ ಪುಸ್ತಕದ ಜೊತೆಗೆ ರಜೆಯ ಪುಸ್ತಕವೊಂದನ್ನು ಇಡಿ. ಪ್ರತಿ ಸಿಬ್ಬಂದಿಗೆ ಒಂದು ಪುಟ. ಅದರಲ್ಲಿ ಹಬ್ಬದ ರಜೆ, ವಾರದ ಬಿಡುವು, ಗಳಿಕೆ ರಜೆ, ಬದಲಿ ರಜೆ ಎಂದು ನಾಲ್ಕು ಕಲಂ.
(2) ಡಿಸೆಂಬರ್ ತಿಂಗಳ ಸಭೆಯಲ್ಲಿ ಮುಂದಿನ ವರ್ಷದ ಹತ್ತು ರಜೆಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ.
(3) ಪ್ರತಿ ರಜೆಯ ದಿನ ಯಾರು ನಿಲ್ಲುತ್ತಾರೆ, ಅವರಿಗೆ ಬದಲಿ ರಜೆ ಯಾವತ್ತು ಎಂಬುದನ್ನು ಅದೇ ಪಟ್ಟಿಯಲ್ಲಿ ಬರೆಯಿರಿ. ಒಬ್ಬರೇ ಪ್ರತಿ ವರ್ಷ ದೀಪಾವಳಿಗೆ ನಿಲ್ಲುವಂತಾಗಬಾರದು.
(4) ಬದಲಿ ಕೆಲಸಗಾರನಿಗೆ ಹಬ್ಬಕ್ಕೆ ಮುನ್ನ ಕನಿಷ್ಠ ಕೆಲವು ದಿನ ಪರೀಕ್ಷಕನ ಜೊತೆ ನಿಂತು ಕಲಿಯಲು ಬಿಡಿ.

ಆಡಳಿತ ಮಂಡಳಿಯ ನಡವಳಿ ಪುಸ್ತಕಕ್ಕೆ ಒಂದು ಮಾದರಿ ನಿರ್ಣಯ ಕೆಳಗಿದೆ. ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

"ಸಂಘದ ಸಿಬ್ಬಂದಿಗೆ ವರ್ಷಕ್ಕೆ ಐದು ರಾಷ್ಟ್ರೀಯ ಮತ್ತು ಐದು ಹಬ್ಬದ ರಜೆಗಳನ್ನು ಸಂಬಳ ಸಹಿತ ಕೊಡುವುದೆಂದೂ, ಹಾಲು ಶೇಖರಣೆಯ ಸಲುವಾಗಿ ರಜೆಯ ದಿನ ಕೆಲಸ ಮಾಡಿದವರಿಗೆ 30 ದಿನದೊಳಗೆ ಸಂಬಳ ಸಹಿತ ಬದಲಿ ರಜೆ ಅಥವಾ ಆ ದಿನಕ್ಕೆ ಎರಡು ಪಟ್ಟು ಸಂಬಳ ಕೊಡುವುದೆಂದೂ, ಈ ರಜೆಗಳನ್ನು ಸಾಂದರ್ಭಿಕ ಅಥವಾ ಗಳಿಕೆ ರಜೆಯಿಂದ ಕಳೆಯತಕ್ಕದ್ದಲ್ಲವೆಂದೂ, ರಜೆಯ ಲೆಕ್ಕವನ್ನು ಪ್ರತಿ ತಿಂಗಳ ಸಭೆಯಲ್ಲಿ ಮಂಡಿಸುವುದೆಂದೂ ಸರ್ವಾನುಮತದಿಂದ ನಿರ್ಣಯಿಸಲಾಯಿತು."

10. ನಿಮ್ಮ ಕೊಟ್ಟಿಗೆಯ ಆಳು

ಕೊನೆಯದಾಗಿ ಒಂದು ಮಾತು. ಹತ್ತು ಹದಿನೈದು ಹಸು ಕಟ್ಟಿದ ಸದಸ್ಯರ ಮನೆಗಳಲ್ಲಿ ಈಗ ಸಂಬಳದ ಆಳುಗಳಿದ್ದಾರೆ. ಅಲ್ಲಿ ಉದ್ಯೋಗದಾತರು ನೀವೇ. ಆ ಆಳು ಹಬ್ಬಕ್ಕೆ ಊರಿಗೆ ಹೋದ ದಿನ ಹೊಸಬರು ಹಾಲು ಕರೆಯಲು ಕೂತರೆ ಹಸು ಬೆದರುತ್ತದೆ, ಸೊರೆ ಬಿಡುವುದಿಲ್ಲ. ಸೊರೆ ಬಿಟ್ಟರೂ ಅದರ ಪ್ರಭಾವ ಇರುವುದು ಐದರಿಂದ ಏಳು ನಿಮಿಷ ಮಾತ್ರ. ಕೈ ಪಳಗದವರು ಅಷ್ಟರಲ್ಲಿ ಕರೆದು ಮುಗಿಸಲಾರರು. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ. ಆದ್ದರಿಂದ ಮನೆಯವರಲ್ಲಿ ಒಬ್ಬರಾದರೂ ವಾರಕ್ಕೆ ಎರಡು ಸಲ ಹಾಲು ಕರೆದು ಹಸುವಿಗೆ ಕೈ ಪರಿಚಯ ಇಟ್ಟುಕೊಳ್ಳಿ. ಆಗ ಆಳಿಗೆ ನಿಶ್ಚಿಂತೆಯಿಂದ ರಜೆ ಕೊಡಬಹುದು, ಹಸುವಿಗೂ ತೊಂದರೆಯಿಲ್ಲ.

ಅಭ್ಯಾಸಕ್ಕೆ: ಮುಂದಿನ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಈ ಮೂರು ಪ್ರಶ್ನೆ ಕೇಳಿ.

(1) ಕಳೆದ ವರ್ಷ ನಮ್ಮ ಸಿಬ್ಬಂದಿ ಎಷ್ಟು ರಜಾದಿನ ಕೆಲಸ ಮಾಡಿದರು?
(2) ಅದರಲ್ಲಿ ಎಷ್ಟು ದಿನ ಅವರಿಗೆ ಮರಳಿ ಸಿಕ್ಕಿತು?
(3) ಪರೀಕ್ಷಕ ನಾಳೆ ಬರದಿದ್ದರೆ ಅವನ ಜಾಗದಲ್ಲಿ ನಿಲ್ಲಲು ಕಲಿತವರು ಯಾರಿದ್ದಾರೆ?

ಮೂರಕ್ಕೂ ಪುಸ್ತಕ ನೋಡಿ ಉತ್ತರ ಹೇಳುವಂತಿದ್ದರೆ ನಿಮ್ಮ ಸಂಘದ ಆಡಳಿತ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು. ಉತ್ತರ ಸಿಗದಿದ್ದರೆ ಅದೇ ಸಭೆಯಲ್ಲಿ ರಜೆಯ ಪುಸ್ತಕ ತೆರೆಯುವ ನಿರ್ಣಯ ಮಾಡಿಸಿ.